ಗುಲಾಬಿ ಮೇಲಿನ ಹಸಿರು ದುಂಬಿ ಯಾವುದು? ಸೆಟೋನಿಯಾ, ಪ್ರೊಟೇಷಿಯಾ ಗುರುತಿಸುವ ಬಗೆ

ಮೇ ತಿಂಗಳು ಬಂತು ಅಂದರೆ ಯುರೋಪಿನಲ್ಲಿರುವ ಕನ್ನಡಿಗರಿಂದ ಒಂದೇ ಥರದ ಫೋಟೊಗಳು ಬರಲು ಶುರುವಾಗುತ್ತವೆ. ಗುಲಾಬಿ ಹೂವಿನ ಮಧ್ಯೆ ತಲೆ ತೂರಿಸಿ ಕೂತ, ಫಳಫಳ ಹೊಳೆಯುವ ಹಸಿರು ದುಂಬಿ. ಜೊತೆಗೆ ಅವೇ ಪ್ರಶ್ನೆಗಳು. ಇದು ನಮ್ಮೂರಿನ ಜೀರ್ಜಿಂಬೆನಾ? ಇದರ ಹೆಸರೇನು? ಗಿಡಕ್ಕೆ ಔಷಧಿ ಹೊಡೆಯಬೇಕಾ?

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ದಯವಿಟ್ಟು ಔಷಧಿ ಹೊಡೆಯಬೇಡಿ. ಇವು ಹೂವಿನ ಪರಾಗ, ಮಕರಂದ ತಿನ್ನುತ್ತವೆ. ಗುಲಾಬಿಯ ಒಂದಷ್ಟು ಕೇಸರ, ಎಸಳು ಹಾಳಾಗಬಹುದು. ಗಿಡಕ್ಕೆ ಏನೂ ಆಗುವುದಿಲ್ಲ.

ಜೀರ್ಜಿಂಬೆಯಂತೂ ಅಲ್ಲ. ನಾವು ಚಿಕ್ಕವರಿದ್ದಾಗ ಬೆಂಕಿಪೊಟ್ಟಣದಲ್ಲಿ ಸಾಕುತ್ತಿದ್ದ ಜೀರ್ಜಿಂಬೆ ಬುಪ್ರೆಸ್ಟಿಡೆ ಅನ್ನುವ ಬೇರೆಯೇ ಕುಟುಂಬದ್ದು. ಅದರ ಮೈ ಹಿಂದಕ್ಕೆ ಹೋಗುತ್ತಾ ಚೂಪಾಗುತ್ತದೆ. ಗುಲಾಬಿ ಮೇಲೆ ಕಾಣುವ ಈ ದುಂಬಿ ಅಗಲ, ಚಪ್ಪಟೆ, ಹಿಂದೆ ಮೊಂಡು. ಇದು ಗೊಣ್ಣೆ ಹುಳುವಿನ ದುಂಬಿಗಳ ಕುಟುಂಬಕ್ಕೆ ಸೇರಿದ್ದು.

ಇನ್ನು ಉಳಿದದ್ದು ಹೆಸರಿನ ಪ್ರಶ್ನೆ. ಈ ಲೇಖನ ಅದಕ್ಕೇ. ಯುರೋಪಿನ ತೋಟಗಳಲ್ಲಿ ಕಾಣುವ ಇಂಥ ದೊಡ್ಡ ಹೊಳೆಯುವ ದುಂಬಿ ಹೆಚ್ಚಾಗಿ ಎರಡರಲ್ಲಿ ಒಂದಾಗಿರುತ್ತದೆ. ಒಂದು ಸೆಟೋನಿಯಾ ಆರಾಟಾ. ಇಂಗ್ಲಿಷಿನವರು ಇದನ್ನು ರೋಸ್ ಚೇಫರ್ ಅನ್ನುತ್ತಾರೆ, ಜರ್ಮನ್ನರು ರೋಸೆನ್‌ಕೇಫರ್ ಅನ್ನುತ್ತಾರೆ. 2000ನೇ ಇಸವಿಯಲ್ಲಿ ಜರ್ಮನಿಯಲ್ಲಿ ಇದೇ ‘ವರ್ಷದ ಕೀಟ’ವಾಗಿತ್ತು. ಇನ್ನೊಂದು ಪ್ರೊಟೇಷಿಯಾ ಕ್ಯುಪ್ರಿಯಾ. ಡೆನ್ಮಾರ್ಕಿನ ಕೀಟಶಾಸ್ತ್ರಜ್ಞ ಫ್ಯಾಬ್ರಿಷಿಯಸ್ 1775ರಲ್ಲಿ ವಿವರಿಸಿದ ಜಾತಿ ಇದು. ಹಳೆಯ ಪುಸ್ತಕಗಳಲ್ಲಿ ಪೊಟೋಸಿಯಾ ಕ್ಯುಪ್ರಿಯಾ ಅಂತ ಸಿಕ್ಕರೆ ಗಾಬರಿಯಾಗಬೇಡಿ, ಅದೂ ಇದೇ.

ಮೇಲಿಂದ ನೋಡಿದರೆ ಎರಡೂ ಅವಳಿ ಜವಳಿ. ಮೇಲಿಂದ ತೆಗೆದ ಒಂದೇ ಫೋಟೊ ಕಳಿಸಿ ‘ಯಾವುದು ಹೇಳಿ’ ಅಂದರೆ ಎಷ್ಟೋ ಸಲ ಯಾರಿಗೂ ಖಚಿತವಾಗಿ ಹೇಳಲು ಆಗುವುದಿಲ್ಲ. ಗುರುತು ಇರುವುದು ದುಂಬಿಯ ಅಡಿಯಲ್ಲಿ.

ಏನೇನು ಬೇಕು

ಜಾಸ್ತಿ ಏನೂ ಬೇಡ. ಹತ್ತಿರದಿಂದ ಫೋಟೊ ತೆಗೆಯಬಲ್ಲ ಫೋನು, ಒಂದು ಸಣ್ಣ ಸ್ಕೇಲು, ಸಾಧ್ಯವಾದರೆ ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಕೈಮಸೂರ. ಹಿಡಿಯಲು ಅನುಮತಿ ಇರುವ ದೇಶದಲ್ಲಿದ್ದರೆ ಮುಚ್ಚಳ ಇರುವ ಪಾರದರ್ಶಕ ಡಬ್ಬಿಯೂ ಇರಲಿ.

ಅನುಮತಿ ಅಂದೆ, ಅಲ್ವಾ? ಅದನ್ನು ಇಲ್ಲೇ ಹೇಳಬೇಕು. ಜರ್ಮನಿಯಲ್ಲಿ ಈ ಎರಡೂ ದುಂಬಿಗಳಿಗೆ ಕಾನೂನಿನ ವಿಶೇಷ ರಕ್ಷಣೆ ಇದೆ. ಹಿಡಿಯುವಂತಿಲ್ಲ, ಕೊಲ್ಲುವಂತಿಲ್ಲ, ಮನೆಗೆ ತಂದು ಇಟ್ಟುಕೊಳ್ಳುವಂತಿಲ್ಲ. ಮಕ್ಕಳು ಆಸೆಪಟ್ಟು ಡಬ್ಬಿಯಲ್ಲಿ ಹಾಕಿಕೊಂಡರೆ ತಿಳಿಸಿ ಹೇಳಿ, ಬಿಡಿಸಿ. ಬೇರೆ ದೇಶಗಳ ನಿಯಮ ಬೇರೆ ಬೇರೆ. ನೀವಿರುವ ಕಡೆ ಏನಿದೆ ಅಂತ ಮೊದಲು ನೋಡಿಕೊಳ್ಳಿ. ಗೊತ್ತಿಲ್ಲದಿದ್ದರೆ ಮುಟ್ಟದೆ ನೋಡುವುದೇ ಸರಿ. ಮುಟ್ಟದೆಯೂ ಅಡಿಭಾಗ ನೋಡಬಹುದು, ಮುಂದೆ ಹೇಳುತ್ತೇನೆ.

ಹಂತ 1: ಗುಂಪು ಸರಿಯಾಗಿದೆಯಾ ನೋಡಿ

ಎರಡರಲ್ಲಿ ಯಾವುದು ಅಂತ ಕೇಳುವ ಮೊದಲು, ಇದು ಆ ಎರಡರ ಗುಂಪಿನದೇ ಹೌದಾ ಅನ್ನುವುದು ಖಾತ್ರಿಯಾಗಬೇಕು. ಹಸಿರಾಗಿ ಹೊಳೆಯುವುದೆಲ್ಲ ಸೆಟೋನಿಯಾ ಅಲ್ಲ.

ಮೊದಲು ಮೀಸೆ ನೋಡಿ. ತಲೆಯ ಮುಂದಿರುವ ಎರಡು ಮೀಸೆಗಳ ತುದಿಯಲ್ಲಿ ಮೂರು ಸಣ್ಣ ಪದರಗಳು ಒಂದರ ಪಕ್ಕ ಒಂದು ಜೋಡಿಸಿದಂತೆ ಇರಬೇಕು. ಗೊಣ್ಣೆ ಹುಳುವಿನ ಕುಟುಂಬದ ಗುರುತು ಅದು.

ಆಮೇಲೆ ಬೆನ್ನು. ತಲೆಯ ಹಿಂದೆ ಒಂದು ಅಗಲವಾದ ಫಲಕ ಇದೆ, ಅದಕ್ಕೆ ಪ್ರೊನೋಟಮ್ ಅನ್ನುತ್ತಾರೆ. ಅದರ ಹಿಂದೆ ಬೆನ್ನು ಪೂರ್ತಿ ಮುಚ್ಚುವ ಎರಡು ಗಟ್ಟಿ ಕವಚಗಳು. ಇವು ಎಲಿಟ್ರಾ, ಅಂದರೆ ಗಟ್ಟಿಯಾದ ಮೇಲಿನ ರೆಕ್ಕೆಗಳು. ಇಲ್ಲಿ ಮೇಲ್ಕವಚ ಅಂತ ಕರೆಯೋಣ. ಎರಡು ಮೇಲ್ಕವಚ ಸೇರುವ ಜಾಗದಲ್ಲಿ, ಮುಂದುಗಡೆ, ಒಂದು ತ್ರಿಕೋನ ತುಣುಕು ಇರುತ್ತದೆ. ಹಾಗೆಯೇ ಭುಜದ ಮೂಲೆಯಲ್ಲಿ, ಪ್ರೊನೋಟಮ್ಮಿಗೂ ಮೇಲ್ಕವಚಕ್ಕೂ ನಡುವೆ, ಇನ್ನೊಂದು ಪುಟ್ಟ ಫಲಕ ಮೇಲಿಂದಲೇ ಕಾಣಬೇಕು. ಎಡಕ್ಕೊಂದು, ಬಲಕ್ಕೊಂದು. ಇದು ಕಂಡರೆ ನೀವು ಸರಿಯಾದ ಗುಂಪಿನಲ್ಲಿದ್ದೀರಿ.

ಹಾರುವುದನ್ನು ನೋಡುವ ಅದೃಷ್ಟ ಸಿಕ್ಕರೆ ಇನ್ನೂ ಚೆನ್ನ. ಸಾಮಾನ್ಯವಾಗಿ ದುಂಬಿಗಳು ಹಾರುವಾಗ ಮೇಲ್ಕವಚ ಎರಡನ್ನೂ ಎತ್ತಿ ಅಗಲಿಸುತ್ತವೆ. ಇವು ಹಾಗೆ ಮಾಡುವುದಿಲ್ಲ. ಮೇಲ್ಕವಚದ ಅಂಚಿನಲ್ಲಿ, ಭುಜದ ಸ್ವಲ್ಪ ಹಿಂದೆ, ಒಂದು ತಗ್ಗು ಇದೆ. ಒಳಗಿನ ತೆಳು ರೆಕ್ಕೆ ಆ ಸಂದಿಯಿಂದ ಪಕ್ಕಕ್ಕೆ ಹೊರಬರುತ್ತದೆ. ಬೆನ್ನು ಮುಚ್ಚಿದ್ದ ಹಾಗೇ ಇರುತ್ತದೆ, ದುಂಬಿ ಜೋರಾಗಿ ಗುಂಯ್‌ಗುಡುತ್ತಾ ಹೊರಟೇ ಹೋಗುತ್ತದೆ. ಫೋನಿನ ಸ್ಲೋ ಮೋಷನ್‌ನಲ್ಲಿ ಒಮ್ಮೆ ಇದನ್ನು ತೆಗೆದು ನೋಡಿ. ಹೊಳೆಯುವ ಬೆನ್ನು ಅಲುಗದೆ ನಿಂತಿರುತ್ತದೆ, ಎರಡೂ ಪಕ್ಕದಲ್ಲಿ ರೆಕ್ಕೆ ಮಬ್ಬಾಗಿ ಬಡಿಯುತ್ತಿರುತ್ತದೆ. ಎಷ್ಟು ಸಲ ನೋಡಿದರೂ ನನಗೆ ಸಾಕು ಅನ್ನಿಸಿಲ್ಲ.

ಜನ ಇಲ್ಲಿ ಎಡವುವುದು ಕೆಲವು ಬೇರೆ ದುಂಬಿಗಳಿಂದ. ಅವುಗಳಲ್ಲಿ ಒಂದನ್ನು ಮಾತ್ರ ತಪ್ಪದೆ ನೆನಪಿಡಬೇಕು: ಜಪಾನಿ ದುಂಬಿ, ಶಾಸ್ತ್ರೀಯ ಹೆಸರು ಪೊಪಿಲಿಯಾ ಜಪೋನಿಕಾ. ಇದು ಬರೀ ಒಂದು ಸೆಂಟಿಮೀಟರ್ ಉದ್ದ. ತಲೆ ಮತ್ತು ಪ್ರೊನೋಟಮ್ ಹಸಿರು, ಮೇಲ್ಕವಚ ತಾಮ್ರದ ಕಂದು. ಹೊಟ್ಟೆಯ ಎರಡೂ ಅಂಚಿನಲ್ಲಿ ಐದೈದು ಬಿಳಿ ಕೂದಲಿನ ಕುಚ್ಚು, ಹಿಂದೆ ಎರಡು. ಇಟಲಿಯ ಉತ್ತರ ಭಾಗದಲ್ಲಿ 2014ರಲ್ಲಿ, ಸ್ವಿಟ್ಜರ್ಲೆಂಡಿನಲ್ಲಿ 2017ರಲ್ಲಿ ಇದು ಪತ್ತೆಯಾಯಿತು. ನೂರಾರು ಜಾತಿಯ ಗಿಡಗಳ ಎಲೆ ತಿಂದು ಜಾಲರಿ ಮಾಡುವ ಕೀಟ ಇದು. ಕಂಡರೆ ಫೋಟೊ ತೆಗೆದು ಆ ದೇಶದ ಸಸ್ಯ ಸಂರಕ್ಷಣಾ ಇಲಾಖೆಗೆ ಕೂಡಲೇ ತಿಳಿಸಬೇಕು. ಸೆಟೋನಿಯಾ ಇದರ ಸುಮಾರು ಎರಡರಷ್ಟು ಉದ್ದ. ಈ ಗೊಂದಲದಲ್ಲಿ ಜಪಾನಿ ದುಂಬಿ ಅಂದುಕೊಂಡು ಪಾಪದ ಸೆಟೋನಿಯಾವನ್ನು ಹೊಸಕಿ ಹಾಕುವವರೂ ಇದ್ದಾರೆ. ಬಿಳಿ ಕುಚ್ಚು ಎಣಿಸದೆ ಯಾವ ತೀರ್ಮಾನಕ್ಕೂ ಬರಬೇಡಿ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ರೋಸ್ಮರಿ, ಲ್ಯಾವೆಂಡರ್ ಗಿಡದ ಮೇಲೆ ಹಸಿರು ಮತ್ತು ನೇರಳೆ ಪಟ್ಟೆಯ, ಅರ್ಧ ಇಂಚೂ ಇಲ್ಲದ ದುಂಬಿ ಕಂಡರೆ ಅದು ರೋಸ್ಮರಿ ದುಂಬಿ. ಹಸಿರು ಮೇಲ್ಕವಚ ಪೂರ್ತಿ ಸುಕ್ಕುಸುಕ್ಕಾಗಿದ್ದು, ಪ್ರೊನೋಟಮ್ ಕಿರಿದಾಗಿ, ಭುಜದ ಮೂಲೆಯ ಫಲಕ ಮೇಲಿಂದ ಕಾಣದಿದ್ದರೆ ಅದು ನೋರಿಮಸ್ ನೊಬಿಲಿಸ್. ಎರಡೂವರೆ ಸೆಂಟಿಮೀಟರ್ ಆಸುಪಾಸಿನ, ಒಂದೇ ಒಂದು ಬಿಳಿ ಚುಕ್ಕೆಯೂ ಇಲ್ಲದ, ಕನ್ನಡಿಯಷ್ಟು ನುಣುಪಾದ ದೊಡ್ಡ ಹಸಿರು ದುಂಬಿಯನ್ನು ಹಳೆಯ ಓಕ್ ಮರದ ಹತ್ತಿರ ಕಂಡಿರಾ? ಅದು ಪ್ರೊಟೇಷಿಯಾ ಸ್ಪೆಸಿಯೊಸಿಸಿಮಾ ಇರಬಹುದು. ಪೊಟರೆ ಬಿದ್ದ ಹಳೆಯ ಮರಗಳನ್ನೇ ನಂಬಿ ಬದುಕುವ ಅಪರೂಪದ ಜೀವಿ. ಅದರ ಫೋಟೊ ಸಿಕ್ಕಿದರೆ ಖಂಡಿತ ದಾಖಲಿಸಿ.

ಹಂತ 2: ಬಣ್ಣ, ಗಾತ್ರ ಎರಡನ್ನೂ ಪಕ್ಕಕ್ಕಿಡಿ

‘ಹಸಿರಿದ್ದರೆ ಸೆಟೋನಿಯಾ, ತಾಮ್ರದ ಬಣ್ಣ ಇದ್ದರೆ ಪ್ರೊಟೇಷಿಯಾ’ ಅನ್ನುವ ಮಾತು ಬಹಳ ಕಡೆ ಓಡಾಡುತ್ತದೆ. ಇದನ್ನು ನಂಬಬೇಡಿ. ಸೆಟೋನಿಯಾದಲ್ಲಿ ಚಿನ್ನದ ಹಸಿರು ಜಾಸ್ತಿ, ನಿಜ. ಆದರೆ ತಾಮ್ರ, ಕಂಚು, ನೇರಳೆ, ನೀಲಿ, ಕಪ್ಪಿಗೆ ಹತ್ತಿರದ ಬಣ್ಣ ಎಲ್ಲವೂ ಅದರಲ್ಲಿ ಉಂಟು. ಪ್ರೊಟೇಷಿಯಾ ಕ್ಯುಪ್ರಿಯಾದಲ್ಲೂ ಅಚ್ಚ ಹಸಿರಿನವು ಬೇಕಾದಷ್ಟು ಇವೆ.

ಗಾತ್ರದ ಕಥೆಯೂ ಅಷ್ಟೆ. ಸೆಟೋನಿಯಾ ಸಾಮಾನ್ಯವಾಗಿ 14ರಿಂದ 20 ಮಿಲಿಮೀಟರ್. ಪ್ರೊಟೇಷಿಯಾ ಕ್ಯುಪ್ರಿಯಾ 14ರಿಂದ 23. ಒಂದರ ಮೇಲೊಂದು ಬೀಳುವ ಅಳತೆ. ಸ್ಕೇಲಿನ ಉಪಯೋಗ ಜಪಾನಿ ದುಂಬಿಯಂಥ ಚಿಕ್ಕವನ್ನು ಬೇರ್ಪಡಿಸಲು ಮಾತ್ರ.

ಬಣ್ಣ ಯಾಕೆ ಹೀಗೆ ಕೈಕೊಡುತ್ತದೆ ಅನ್ನುವುದು ತಿಳಿದಿರಲಿ. ಈ ಹೊಳಪು ಬಣ್ಣದ ಪುಡಿಯಿಂದ ಬಂದದ್ದಲ್ಲ. ಮೈಕವಚದಲ್ಲಿ ತೀರಾ ತೆಳುವಾದ ಪದರಗಳು ಒಂದರ ಮೇಲೊಂದು ಕೂತಿವೆ. ಪ್ರತಿ ಪದರ ಕೆಳಗಿನದಕ್ಕಿಂತ ಸ್ವಲ್ಪ ತಿರುಗಿಕೊಂಡಿರುತ್ತದೆ. ಬೆಳಕು ಈ ಪದರಗಳಿಂದ ವಾಪಸ್ ಬರುವಾಗ ಬಣ್ಣ ಹುಟ್ಟುತ್ತದೆ. ಪದರಗಳ ಅಂತರ ಚೂರು ಹೆಚ್ಚು ಕಡಿಮೆಯಾದರೂ ಹಸಿರು ಹೋಗಿ ತಾಮ್ರ ಆಗಬಹುದು. ಜೊತೆಗೆ ನೋಡುವ ಕೋನ ಬದಲಾದರೆ ಒಂದೇ ದುಂಬಿಯ ಬಣ್ಣವೂ ಬದಲಾಗುತ್ತದೆ.

ಸಿನಿಮಾ ಮಂದಿರದಲ್ಲಿ ಕೊಡುವ 3ಡಿ ಕನ್ನಡಕ ನಿಮ್ಮ ಹತ್ತಿರ ಇದ್ದರೆ ಒಂದು ಪ್ರಯೋಗ ಮಾಡಬಹುದು. ವೃತ್ತಾಕಾರದ ಧ್ರುವೀಕರಣ ಬಳಸುವ ಥರದ ಕನ್ನಡಕ ಆಗಿರಬೇಕು, ಅಂದರೆ ಬೆಳಕಿನ ಕಂಪನ ಸುರುಳಿಯಾಗಿ ಎಡಕ್ಕೆ ಅಥವಾ ಬಲಕ್ಕೆ ತಿರುಗುವುದನ್ನು ಬೇರ್ಪಡಿಸುವಂಥದ್ದು. ಅದನ್ನು ಹಾಕಿಕೊಂಡು ಒಂದು ಕಣ್ಣು ಮುಚ್ಚಿ ಸೆಟೋನಿಯಾವನ್ನು ನೋಡಿ. ಆಮೇಲೆ ಇನ್ನೊಂದು ಕಣ್ಣಿನಿಂದ ನೋಡಿ. ಒಂದು ಗಾಜಿನಲ್ಲಿ ಹಸಿರು ಜಗಜಗ ಅನ್ನುತ್ತದೆ, ಇನ್ನೊಂದರಲ್ಲಿ ಅದೇ ದುಂಬಿ ಮಂಕಾಗಿ ಕಪ್ಪಾಗಿಬಿಡುತ್ತದೆ. ಅದರ ಮೈ ಎಡಕ್ಕೆ ಸುತ್ತುವ ಬೆಳಕನ್ನೇ ಜಾಸ್ತಿ ಹಿಂದಕ್ಕೆ ಕಳಿಸುವುದರಿಂದ ಹೀಗೆ. ದುಂಬಿಗಳ ಈ ಗುಣವನ್ನು ಭೌತವಿಜ್ಞಾನಿ ಆಲ್ಬರ್ಟ್ ಮೈಕೆಲ್ಸನ್ 1911ರಲ್ಲೇ, ಚಿನ್ನದ ಬಣ್ಣದ ಬೇರೊಂದು ಜಾತಿಯಲ್ಲಿ, ಗಮನಿಸಿದ್ದರು. ಆದರೆ ಈ ಕುಟುಂಬದ ಹಲವು ದುಂಬಿಗಳಿಗೆ ಈ ಗುಣ ಇದೆ. ಹಾಗಾಗಿ ನಮ್ಮ ಎರಡು ಜಾತಿಗಳನ್ನು ಬೇರೆ ಮಾಡಲು ಈ ಪ್ರಯೋಗ ಬರುವುದಿಲ್ಲ. ಮಕ್ಕಳಿಗೆ ತೋರಿಸಲು ಚೆನ್ನ.

ಹಂತ 3: ಅಡಿಯಿಂದ ನೋಡಿ

ಇಡೀ ಲೇಖನದಲ್ಲಿ ಒಂದೇ ಹಂತ ಓದುವುದಾದರೆ ಇದನ್ನು ಓದಿ.

ದುಂಬಿಯ ಅಡಿಯಲ್ಲಿ ಮೂರು ಜೊತೆ ಕಾಲು. ಮುಂದಿನ ಜೊತೆ ತಲೆಯ ಹತ್ತಿರ. ನಡುವಿನ ಜೊತೆ ಎದೆಯ ಮಧ್ಯದಲ್ಲಿ. ಈ ನಡುಗಾಲುಗಳು ಮೈಗೆ ಸೇರುವ ಜಾಗದ ಮಧ್ಯೆ ಎದೆಯ ಗಟ್ಟಿ ಕವಚ ಸ್ವಲ್ಪ ಮುಂದಕ್ಕೆ, ತಲೆಯ ಕಡೆಗೆ ಚಾಚಿಕೊಂಡಿರುತ್ತದೆ. ಶಾಸ್ತ್ರದಲ್ಲಿ ಇದಕ್ಕೆ ಮೀಸೋಸ್ಟರ್ನಲ್ ಪ್ರೋಸೆಸ್ ಅಂತ ಹೆಸರು. ನಾವು ಎದೆಚಾಚು ಅನ್ನೋಣ. ಮುಂಗಾಲಿಗೂ ನಡುಗಾಲಿಗೂ ಮಧ್ಯೆ ಇರುವ ಖಾಲಿ ಜಾಗಕ್ಕೆ ಇದು ಮೂತಿ ಚಾಚಿರುತ್ತದೆ. ಹುಡುಕುವುದು ಕಷ್ಟ ಅಲ್ಲ.

ಸೆಟೋನಿಯಾ ಆರಾಟಾದಲ್ಲಿ ಈ ಎದೆಚಾಚಿನ ತುದಿ ಸಾಸಿವೆ ಕಾಳಿನ ಹಾಗೆ ದುಂಡಗೆ, ಉಬ್ಬಿಕೊಂಡಿರುತ್ತದೆ. ಪ್ರೊಟೇಷಿಯಾ ಕ್ಯುಪ್ರಿಯಾದಲ್ಲಿ ಅದು ಚಪ್ಪಟೆ. ಎಡಬಲಕ್ಕೆ ಅಗಲವಾಗಿ ಹರಡಿಕೊಂಡಿರುತ್ತದೆ. ಉದ್ದಕ್ಕಿಂತ ಅಗಲ ಜಾಸ್ತಿ. ಎರಡನ್ನೂ ಒಮ್ಮೆ ಅಕ್ಕಪಕ್ಕ ಇಟ್ಟು ನೋಡಿದವರಿಗೆ ಆಮೇಲೆ ಅನುಮಾನವೇ ಬರುವುದಿಲ್ಲ.

ಮುಟ್ಟದೆ ನೋಡುವ ದಾರಿ ಹೀಗಿದೆ. ಈ ದುಂಬಿಗಳಿಗೆ ಎಲ್ಡರ್ ಗಿಡದ ಬಿಳಿ ಹೂಗೊಂಚಲು, ಕೊತ್ತಂಬರಿ ಜಾತಿಯ ಛತ್ರಿ ಹೂಗಳು ಅಂದರೆ ಪ್ರಾಣ. ಅಂಥ ಹೂವಿನ ಅಂಚಿನಲ್ಲಿ ದುಂಬಿ ಕೂತಾಗ ಫೋನನ್ನು ಸೆಲ್ಫಿ ಕ್ಯಾಮೆರಾಕ್ಕೆ ಹಾಕಿ, ಪರದೆ ಮೇಲೆ ಮಾಡಿ, ಹೂವಿನ ಕೆಳಗೆ ನಿಧಾನವಾಗಿ ತೂರಿಸಿ. ದುಂಬಿ ಒಂದು ಹೂವಿನಿಂದ ಇನ್ನೊಂದಕ್ಕೆ ಹತ್ತುವಾಗ ಅಡಿಭಾಗ ಪೂರ್ತಿ ಬಯಲಾಗುತ್ತದೆ. ಒಂದೊಂದೇ ಫೋಟೊ ತೆಗೆಯುವುದಕ್ಕಿಂತ ವಿಡಿಯೊ ಮಾಡಿಕೊಂಡು, ಆಮೇಲೆ ಒಳ್ಳೆಯ ಕ್ಷಣ ನಿಲ್ಲಿಸಿ ನೋಡುವುದು ಸುಲಭ. ಗಾಜಿನಮನೆ ಅಥವಾ ಕಿಟಕಿಯ ಗಾಜಿಗೆ ದುಂಬಿ ಬಂದು ಕೂತರಂತೂ ಹಬ್ಬ. ಗಾಜಿನ ಆಚೆ ಬದಿಗೆ ಹೋಗಿ ತೆಗೆದರೆ ಆಯಿತು.

ಹಿಡಿಯಲು ನಿಷೇಧ ಇಲ್ಲದ ಕಡೆ, ಬೆಳಗಿನ ತಂಪಿನಲ್ಲಿ ಹೋಗಿ. ಆಗ ಅವು ಮಂಕಾಗಿರುತ್ತವೆ. ಡಬ್ಬಿಯನ್ನು ಹೂವಿನ ಕೆಳಗೆ ಹಿಡಿದು ಹೂವನ್ನು ಮೆಲ್ಲಗೆ ತಟ್ಟಿದರೆ ಒಳಗೆ ಬೀಳುತ್ತವೆ. ಡಬ್ಬಿಯ ತಳದಿಂದ ಫೋಟೊ ತೆಗೆಯಿರಿ. ಕಾಲು ಹಿಡಿದು ಎತ್ತಬೇಡಿ. ಉಗುರು ಹೂವಿಗೆ ಗಟ್ಟಿಯಾಗಿ ಕಚ್ಚಿಕೊಂಡಿರುತ್ತದೆ, ಎಳೆದರೆ ಕಾಲು ಕಿತ್ತು ಬರಬಹುದು. ಕಚ್ಚುವುದಿಲ್ಲ, ಹೆದರಬೇಡಿ. ಹೆದರಿದಾಗ ಹಿಂದಿನಿಂದ ವಾಸನೆಯ ದ್ರವ ಬಿಡುತ್ತವೆ, ಕೈ ತೊಳೆದುಕೊಂಡರೆ ಹೋಗುತ್ತದೆ. ಡಬ್ಬಿಯನ್ನು ಬಿಸಿಲಿಗೆ ಇಡಬೇಡಿ, ಕೆಲಸ ಮುಗಿದ ಕೂಡಲೇ ಅದೇ ಹೂವಿನ ಮೇಲೆ ಬಿಟ್ಟುಬಿಡಿ.

ಈ ಹಂತದಲ್ಲಿ ಆಗುವ ತಪ್ಪುಗಳು ಕೆಲವು ಇವೆ.

ಪಕ್ಕದಿಂದ ನೋಡಿದರೆ ಎರಡು ಜಾತಿಯ ಎದೆಚಾಚೂ ಒಂದು ಗುಬುಟಿನ ಹಾಗೇ ಕಾಣುತ್ತದೆ. ನೇರ ಅಡಿಯಿಂದ ನೋಡಿದ ಚಿತ್ರವನ್ನೇ ನಂಬಬೇಕು. ಓರೆಯಾಗಿ ತೆಗೆದ ಫೋಟೊದಲ್ಲಿ ಚಪ್ಪಟೆಯದ್ದೂ ದುಂಡಗೆ ಕಾಣಬಹುದು.

ಇನ್ನೊಂದು ಫ್ಲ್ಯಾಶ್. ಅಡಿಭಾಗವೂ ಲೋಹದ ಹಾಗೆ ಹೊಳೆಯುತ್ತದೆ. ಫ್ಲ್ಯಾಶ್ ಬಿದ್ದ ಕಡೆ ಒಂದು ಬಿಳಿ ಚುಕ್ಕೆ ಮೂಡಿ, ಚಪ್ಪಟೆ ಜಾಗಕ್ಕೆ ಸುಳ್ಳು ಉಬ್ಬು ಕೊಡುತ್ತದೆ. ನೆರಳಿನಲ್ಲಿ, ಮೋಡದ ಬೆಳಕಿನಲ್ಲಿ ತೆಗೆಯಿರಿ.

ಪರಾಗವೂ ಕಣ್ಣು ಕಟ್ಟುತ್ತದೆ. ಹೂವಿನಲ್ಲೇ ಹೊರಳಾಡುವ ಜೀವ, ಎದೆಯ ಕೂದಲಿಗೆಲ್ಲ ಹಳದಿ ಪುಡಿ ಮೆತ್ತಿಕೊಂಡಿರುತ್ತದೆ. ಎದೆಚಾಚು ಅದರಲ್ಲಿ ಮುಚ್ಚಿಹೋಗಿದ್ದರೆ ಇನ್ನೊಂದು ದುಂಬಿಯನ್ನು ನೋಡುವುದೇ ವಾಸಿ. ಉಜ್ಜಿ ತೆಗೆಯಲು ಹೋಗಬೇಡಿ.

ಇನ್ನೊಂದು ಮಾತು, ಊರಿನಲ್ಲಿ ಕೂತು ಓದುತ್ತಿರುವವರಿಗೆ. ಪ್ರೊಟೇಷಿಯಾ ಕುಲದ ದುಂಬಿಗಳು ಕರ್ನಾಟಕದಲ್ಲೂ ಇವೆ, ಆದರೆ ಜಾತಿಗಳು ಬೇರೆ. ಸೆಟೋನಿಯಾ ಆರಾಟಾ ನಮ್ಮಲ್ಲಿ ಇಲ್ಲ. ಆದ್ದರಿಂದ ನಿಮ್ಮ ಹಿತ್ತಲಿನ ದುಂಬಿಗೆ ಈ ಎರಡು ಹೆಸರು ಅಂಟಿಸಬೇಡಿ. ಇಲ್ಲಿ ಹೇಳಿದ ಗುರುತು ಯುರೋಪಿನ ಈ ಜೋಡಿಗೆ ಮಾತ್ರ.

ಹಂತ 4: ಮಂಡಿ ಮತ್ತು ಬಿಳಿ ಗೆರೆಗಳು

ಅಡಿಯ ಫೋಟೊ ಸಿಗಲೇ ಇಲ್ಲ ಅನ್ನಿ. ಆಗ ಮಂಡಿ ನೋಡಿ. ತೊಡೆಯೂ ಮೊಣಕಾಲೂ ಸೇರುವ ಕೀಲಿನಲ್ಲಿ, ಮುಖ್ಯವಾಗಿ ನಡುಗಾಲು ಮತ್ತು ಹಿಂಗಾಲಿನಲ್ಲಿ, ಸಣ್ಣ ಬಿಳಿ ಮಚ್ಚೆ ಇದ್ದರೆ ಪ್ರೊಟೇಷಿಯಾ ಕ್ಯುಪ್ರಿಯಾದ ಕಡೆಗೆ ತಕ್ಕಡಿ ವಾಲುತ್ತದೆ.

ಮಚ್ಚೆ ಇಲ್ಲ ಅಂದ ಮಾತ್ರಕ್ಕೆ ಸೆಟೋನಿಯಾ ಅಂತ ತೀರ್ಮಾನ ಮಾಡಬೇಡಿ. ಈ ಬಿಳಿ ಬಣ್ಣ ಕವಚದ ಮೇಲೆ ಅಂಟಿರುವ ತೆಳು ಲೇಪ. ದುಂಬಿಗೆ ವಯಸ್ಸಾದಂತೆ ಉಜ್ಜಿ ಉಜ್ಜಿ ಹೋಗಿಬಿಡುತ್ತದೆ. ಮೇ ತಿಂಗಳ ಹೊಸ ದುಂಬಿಗೂ ಆಗಸ್ಟಿನ ಹಳೆಯ ದುಂಬಿಗೂ ಬಹಳ ವ್ಯತ್ಯಾಸ. ಜೊತೆಗೆ ಪ್ರೊಟೇಷಿಯಾ ಕ್ಯುಪ್ರಿಯಾಕ್ಕೆ ಪ್ರದೇಶವಾರು ಹಲವು ಉಪಜಾತಿಗಳಿವೆ, ಮಚ್ಚೆಗಳು ಅವುಗಳಲ್ಲೂ ಬೇರೆ ಬೇರೆ.

ಬೆನ್ನಿನ ಬಿಳಿ ಗೆರೆಗಳ ಬಗ್ಗೆಯೂ ಇದೇ ಎಚ್ಚರ. ಸೆಟೋನಿಯಾದ ಮೇಲ್ಕವಚದ ಹಿಂದಿನ ಅರ್ಧದಲ್ಲಿ ಅಡ್ಡಡ್ಡವಾಗಿ, ಮುರಿದು ಮುರಿದು ಬಂದ ಸಣ್ಣ ಬಿಳಿ ಗೆರೆಗಳು ಇರುತ್ತವೆ. ಕೆಲವಕ್ಕೆ ತುಂಬಾ, ಕೆಲವಕ್ಕೆ ಒಂದೆರಡು. ಪ್ರೊಟೇಷಿಯಾದಲ್ಲಿ ಏನೂ ಇಲ್ಲದೆಯೂ ಇರಬಹುದು, ಮೈತುಂಬ ಚುಕ್ಕೆಯೂ ಇರಬಹುದು. ಬರೀ ಗೆರೆ ನೋಡಿ ಹೆಸರಿಡುವುದು ಊಹೆ ಅಷ್ಟೆ.

ಅಡಿಭಾಗದ ಬಣ್ಣ ಸೆಟೋನಿಯಾದಲ್ಲಿ ಹೆಚ್ಚಾಗಿ ಕೆಂಪು ತಾಮ್ರ, ಪ್ರೊಟೇಷಿಯಾದಲ್ಲಿ ಹಲವು ಸಲ ನೇರಳೆ ಛಾಯೆ. ಸಾಕ್ಷಿ ಬೇರೆ ಇದ್ದಾಗ ಇದನ್ನೂ ಸೇರಿಸಿಕೊಳ್ಳಿ. ಒಂಟಿಯಾಗಿ ಇದನ್ನು ನಂಬುವುದು ಬೇಡ.

ಹಂತ 5: ಎಲ್ಲಿ ಸಿಕ್ಕಿತು ಅಂತ ಬರೆದುಕೊಳ್ಳಿ

ಜಾಗ ತಾನಾಗಿ ಏನನ್ನೂ ಸಾಬೀತು ಮಾಡುವುದಿಲ್ಲ, ಆದರೆ ದಾರಿ ತೋರಿಸುತ್ತದೆ. ಬ್ರಿಟನ್ನಿನಲ್ಲಿರುವವರಿಗೆ ಇದು ತುಂಬಾ ಉಪಯೋಗ. ಅಲ್ಲಿ ಸೆಟೋನಿಯಾ ಮುಖ್ಯವಾಗಿ ಇಂಗ್ಲೆಂಡಿನ ದಕ್ಷಿಣದಲ್ಲಿ ಕಾಣುತ್ತದೆ. ಪ್ರೊಟೇಷಿಯಾ ಇರುವುದು ಹೆಚ್ಚಾಗಿ ಸ್ಕಾಟ್ಲೆಂಡಿನಲ್ಲಿ. ಈ ಉತ್ತರದ ರೂಪವನ್ನು ಮೆಟಾಲಿಕಾ ಅನ್ನುತ್ತಾರೆ. ಕೆಲವರಿಗೆ ಅದು ಕ್ಯುಪ್ರಿಯಾದ ಉಪಜಾತಿ, ಇನ್ನು ಕೆಲವರಿಗೆ ಅದೇ ಒಂದು ಜಾತಿ. ಆದ್ದರಿಂದ ಒಂದು ಕಡೆ ಪ್ರೊಟೇಷಿಯಾ ಮೆಟಾಲಿಕಾ, ಇನ್ನೊಂದು ಕಡೆ ಪ್ರೊಟೇಷಿಯಾ ಕ್ಯುಪ್ರಿಯಾ ಅಂತ ಕಂಡರೆ ಆಶ್ಚರ್ಯವಿಲ್ಲ.

ಹತ್ತಿರದಲ್ಲಿ ಕಾಡಿರುವೆಗಳ ಗುಡ್ಡೆ ಇದೆಯಾ ನೋಡಿ. ಯುರೋಪಿನ ಪೈನ್ ಕಾಡುಗಳಲ್ಲಿ ಕೆಂಪಿರುವೆಗಳು ಸೂಜಿಯೆಲೆ, ಕಡ್ಡಿ ಸೇರಿಸಿ ಸೊಂಟದೆತ್ತರದ ಗುಡ್ಡೆ ಕಟ್ಟುತ್ತವೆ. ಮೆಟಾಲಿಕಾದ ಮರಿಹುಳುಗಳು ಬೆಳೆಯುವುದು ಆ ಗುಡ್ಡೆಯ ಒಳಗೇ, ಅಲ್ಲಿ ಕೊಳೆಯುವ ಕಸಕಡ್ಡಿ ತಿಂದುಕೊಂಡು. ಸಾವಿರಾರು ಇರುವೆಗಳ ಮಧ್ಯೆ ನುಗ್ಗಿ ಮೊಟ್ಟೆ ಇಟ್ಟು ಬರುವ ತಾಯಿ ದುಂಬಿಗೆ ಆ ಗಟ್ಟಿ ಕವಚವೇ ಕಾವಲು. ಗುಡ್ಡೆ ಕಂಡರೆ ದೂರದಿಂದ ನೋಡಿ, ಕೆದಕಬೇಡಿ. ಈ ಇರುವೆ ಗೂಡುಗಳಿಗೂ ಕೆಲವು ದೇಶಗಳಲ್ಲಿ ರಕ್ಷಣೆ ಇದೆ.

ಮನೆಯ ತೋಟ, ಕಾಂಪೋಸ್ಟ್ ತೊಟ್ಟಿ ಅಂದರೆ ಸೆಟೋನಿಯಾದ ಸಾಧ್ಯತೆ ಜಾಸ್ತಿ. ಆದರೂ ಯುರೋಪಿನ ಬೆಚ್ಚಗಿನ ಕಡೆಗಳಲ್ಲಿ ಕ್ಯುಪ್ರಿಯಾ ಕೂಡ ಕಾಂಪೋಸ್ಟಿನಲ್ಲಿ ಬೆಳೆಯುತ್ತದೆ. ಮತ್ತೆ ಹಂತ 3ಕ್ಕೇ ಬರಬೇಕು.

ಹಂತ 6: ಕಾಂಪೋಸ್ಟಿನ ಬಿಳಿ ಹುಳು ಕೊಲ್ಲುವ ಮೊದಲು

ಈ ಭಾಗವನ್ನು ವಿವರವಾಗಿ ಬರೆಯಲು ಕಾರಣ ಇದೆ. ಅಡಿಕೆ ತೋಟದ, ಕಬ್ಬಿನ ಗದ್ದೆಯ ಮನೆತನದಿಂದ ಬಂದವರಿಗೆ ಗೊಣ್ಣೆ ಹುಳು ಅಂದರೆ ಮೈ ಉರಿಯುತ್ತದೆ. ಬೇರು ತಿಂದು ಮರವನ್ನೇ ಒಣಗಿಸುವ ಶತ್ರು ಅದು. ಹಾಗಾಗಿ ಜರ್ಮನಿಯಲ್ಲೋ ಹಾಲೆಂಡಿನಲ್ಲೋ ಕಾಂಪೋಸ್ಟ್ ತೊಟ್ಟಿ ತೆಗೆದಾಗ, ಸಿ ಆಕಾರದಲ್ಲಿ ಮಡಚಿಕೊಂಡ ದಪ್ಪ ಬಿಳಿ ಹುಳು ಕಂಡ ಕೂಡಲೇ ಗುದ್ದಲಿ ಮೇಲೇಳುತ್ತದೆ. ಸ್ವಲ್ಪ ತಡೆಯಿರಿ. ಸೆಟೋನಿಯಾದ ಮರಿಹುಳು ಜೀವಂತ ಬೇರಿಗಾಗಿ ಬಂದಿರುವುದಿಲ್ಲ. ಕೊಳೆತ ಎಲೆ, ಲಡ್ಡು ಹಿಡಿದ ಮರ, ಅರ್ಧ ಕಳಿತ ಗೊಬ್ಬರ ಅದರ ಊಟ. ನಿಮ್ಮ ಕಾಂಪೋಸ್ಟನ್ನು ಪುಡಿ ಮಾಡಿಕೊಡುವ ಕೆಲಸಗಾರ ಅದು.

ಬೇರು ತಿನ್ನುವ ಹುಳುವಿಗೂ ಇದಕ್ಕೂ ವ್ಯತ್ಯಾಸ ಕಂಡುಹಿಡಿಯುವುದು ಹೀಗೆ.

ಮೊದಲು ಆಕಾರ. ಸೆಟೋನಿಯಾ ಗುಂಪಿನ ಮರಿಗೆ ತಲೆ ಚಿಕ್ಕದು, ಕಾಲು ಗಿಡ್ಡ, ಹಿಂಭಾಗ ದಪ್ಪ. ಯುರೋಪಿನಲ್ಲಿ ಬೇರು ತಿನ್ನುವ ಕಾಕ್‌ಚೇಫರ್ ಮರಿಗೆ ತಲೆ ದೊಡ್ಡದು, ಕಂದು, ಕಾಲು ಉದ್ದ. ಅದು ಸಿಗುವುದು ಹುಲ್ಲುಹಾಸಿನ ಅಡಿಯ ಮಣ್ಣಿನಲ್ಲಿ, ಕಾಂಪೋಸ್ಟಿನಲ್ಲಿ ಅಪರೂಪ.

ಅನುಮಾನ ಉಳಿದರೆ ನಡಿಗೆ ನೋಡಿ. ಹುಳುವನ್ನು ಒಂದು ಚಪ್ಪಟೆ ಹಲಗೆ ಮೇಲೆ ನೆರಳಿನಲ್ಲಿ ಇಟ್ಟು ಕಾಯಿರಿ. ಸೆಟೋನಿಯಾ ಗುಂಪಿನ ಮರಿ ಮೊದಲು ಮಡಚಿಕೊಂಡಿರುತ್ತದೆ. ಆಮೇಲೆ ಮೈ ಬಿಚ್ಚಿ, ಅಂಗಾತ ತಿರುಗಿ, ಕಾಲುಗಳನ್ನು ಆಕಾಶಕ್ಕೆ ಮಾಡಿಕೊಂಡು, ಬೆನ್ನಿನ ಮೇಲೇ ಹೊರಡುತ್ತದೆ. ಬೆನ್ನಿನ ಗಿಡ್ಡ ಕೂದಲುಗಳು ಹಲಗೆಗೆ ಕಚ್ಚಿಕೊಳ್ಳುತ್ತವೆ, ಮೈಯಲ್ಲಿ ಅಲೆ ಎದ್ದು ಮುಂದಕ್ಕೆ ಸಾಗುತ್ತದೆ. ಕಾಲುಗಳು ಸುಮ್ನೆ ಗಾಳಿಯಲ್ಲಿ ಅಲ್ಲಾಡುತ್ತಿರುತ್ತವೆ. ಸಾಕಷ್ಟು ವೇಗವಾಗಿಯೇ ಹೋಗುತ್ತದೆ. ಕಾಕ್‌ಚೇಫರ್ ಮರಿ ಹೀಗೆ ಮಾಡುವುದಿಲ್ಲ, ಪಕ್ಕಕ್ಕೆ ಬಿದ್ದುಕೊಂಡು ಒದ್ದಾಡುತ್ತದೆ. ಬೆನ್ನ ಮೇಲೆ ನಡೆದರೆ ಅದನ್ನು ತೊಟ್ಟಿಗೆ ವಾಪಸ್ ಬಿಡಿ.

ಇಲ್ಲಿ ಒಂದು ಸಿಕ್ಕು ಇದೆ. ಕಾಂಪೋಸ್ಟಿನಲ್ಲಿ 6 ಸೆಂಟಿಮೀಟರ್ ದಾಟಿದ ಭಾರಿ ಗಾತ್ರದ ಹುಳು ಸಿಕ್ಕರೆ ಅದು ಯುರೋಪಿನ ಕೊಂಬಿನ ದುಂಬಿ ಒರಿಕ್ಟಿಸ್ ನಾಸಿಕಾರ್ನಿಸ್‌ನ ಮರಿ ಇರಬಹುದು. ಅದು ಬೆನ್ನ ಮೇಲೆ ನಡೆಯುವುದಿಲ್ಲ. ಅದರ ಊಟವೂ ಕೊಳೆತ ಮರವೇ, ಅದನ್ನೂ ಕೊಲ್ಲಬೇಡಿ. ನಮ್ಮ ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿಯ ಸಂಬಂಧಿ ಅಂತ ಸಿಟ್ಟು ಮಾಡಿಕೊಳ್ಳಬೇಡಿ. ಅಲ್ಲಿ ಅದಕ್ಕೆ ಕೊರೆಯಲು ತೆಂಗು ಇಲ್ಲ.

ಮರಿಹುಳು ನೋಡಿ ಸೆಟೋನಿಯಾನಾ ಪ್ರೊಟೇಷಿಯಾನಾ ಅಂತ ಹೇಳಲು ಹೋಗಬೇಡಿ. ಅದು ಸೂಕ್ಷ್ಮದರ್ಶಕದ ಕೆಲಸ. ಗುಂಪು ತಿಳಿದರೆ ತೋಟದವರಿಗೆ ಅಷ್ಟು ಸಾಕು.

ತೊಟ್ಟಿ ಖಾಲಿ ಮಾಡುವಾಗ ಹುಳುಗಳನ್ನು ಒಂದಿಷ್ಟು ಅರ್ಧ ಕೊಳೆತ ಗೊಬ್ಬರದ ಜೊತೆಗೇ ಹೊಸ ರಾಶಿಗೆ ಹಾಕಿ. ಹೂಕುಂಡಕ್ಕೆ ಮಾತ್ರ ಹಾಕಬೇಡಿ, ಅಲ್ಲಿ ಅವಕ್ಕೆ ಸಾಕಷ್ಟು ಊಟ ಇರುವುದಿಲ್ಲ. ಮಣ್ಣು, ಕಟ್ಟಿಗೆ ಚೂರು ಮೆತ್ತಿ ಮಾಡಿದ ಮೊಟ್ಟೆಯಾಕಾರದ ಗಟ್ಟಿ ಉಂಡೆ ಸಿಕ್ಕರೆ ಒಡೆದು ನೋಡಬೇಡಿ. ಹುಳು ದುಂಬಿಯಾಗಿ ಬದಲಾಗುವುದು ಅದರೊಳಗೆ. ಮೊಟ್ಟೆಯಿಂದ ದುಂಬಿಯಾಗಲು ಅಲ್ಲಿನ ಚಳಿ ನೋಡಿಕೊಂಡು ಒಂದರಿಂದ ಎರಡು ವರ್ಷ ಹಿಡಿಯುತ್ತದೆ, ಉಂಡೆ ಒಡೆದರೆ ಅಷ್ಟೂ ದಿನದ ಬೆಳವಣಿಗೆ ಹೋಯಿತು.

ಹಂತ 7: ದಾಖಲಿಸುವಾಗ

ಐನ್ಯಾಚುರಲಿಸ್ಟ್‌ನಂಥ ಆ್ಯಪ್‌ಗೆ ಹಾಕುವುದಾದರೆ ಬೆನ್ನು, ಪಕ್ಕ, ಮಂಡಿ, ಅಡಿಭಾಗ, ಈ ನಾಲ್ಕೂ ಫೋಟೊಗಳನ್ನು ಒಂದೇ ದಾಖಲೆಯಲ್ಲಿ ಸೇರಿಸಿ. ಬೇರೆ ಬೇರೆ ದುಂಬಿಯ ಫೋಟೊ ಬೆರೆಸಬೇಡಿ. ಒಂದೇ ಹೂವಿನ ಮೇಲೆ ಎರಡೂ ಜಾತಿ ಕೂತಿರುವುದು ಅಸಾಧ್ಯವೇನಲ್ಲ. ದಿನಾಂಕ, ಊರು, ಯಾವ ಹೂವು, ಹತ್ತಿರದಲ್ಲಿ ಇರುವೆ ಗುಡ್ಡೆ ಅಥವಾ ಕಾಂಪೋಸ್ಟ್ ಇದೆಯಾ ಅನ್ನುವುದನ್ನೂ ಬರೆಯಿರಿ.

ಆ್ಯಪ್ ಬೆನ್ನಿನ ಫೋಟೊ ಒಂದನ್ನೇ ನೋಡಿ ಒಂದು ಹೆಸರು ಸೂಚಿಸುತ್ತದೆ. ಅದನ್ನು ಕಣ್ಣು ಮುಚ್ಚಿ ಒತ್ತಬೇಡಿ. ಅಡಿಯ ಫೋಟೊ ಇಲ್ಲ, ಮಂಡಿಯೂ ಸ್ಪಷ್ಟ ಇಲ್ಲ ಅಂದರೆ ಜಾತಿಯ ಹೆಸರು ಬರೆಯದೆ ಸೆಟೋನೈನೆ ಅನ್ನುವ ಉಪಕುಟುಂಬದ ಹೆಸರಿಗೇ ನಿಲ್ಲಿಸಿ. ಎಲ್ಲಿ ಯಾವ ಜಾತಿ ಇದೆ ಅನ್ನುವ ನಕ್ಷೆಗಳು ಇಂಥ ದಾಖಲೆಗಳಿಂದಲೇ ತಯಾರಾಗುತ್ತವೆ. ಸ್ಕಾಟ್ಲೆಂಡಿನ ಪ್ರೊಟೇಷಿಯಾಕ್ಕೆ ಸುಮ್ನೆ ಸೆಟೋನಿಯಾ ಅಂತ ಬರೆದರೆ ಆ ನಕ್ಷೆಯಲ್ಲಿ ಅದು ಅಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗಾಗುತ್ತದೆ.

ನನಗೆ ಕಳಿಸುವವರೂ ಇನ್ನು ಮೇಲೆ ಅಡಿಯ ಫೋಟೊ ಒಂದನ್ನು ಸೇರಿಸಿ ಕಳಿಸಿ. ಮಸುಕಾಗಿದ್ದರೂ ಪರವಾಗಿಲ್ಲ, ಎದೆಚಾಚು ಕಂಡರೆ ಸಾಕು.